ತಾಂಡೇಲನ ಸೆರೆ ಮತ್ತು ಸರ್ಕಾರದ ಒಂದು ಪುಟ: ಹೊನ್ನಾವರ ಕಡೆಯ ಒಂದು ಪ್ರಕರಣ

ಪರದೇಶದಲ್ಲಿ ಸಿಕ್ಕಿಬಿದ್ದ ಮೀನುಗಾರನ ಮನೆಯವರು ಒಂದು ಅರ್ಜಿ ಬರೆಯುತ್ತಾರೆ. ಅದು ಜಿಲ್ಲಾಧಿಕಾರಿ ಕಚೇರಿ, ಬೆಂಗಳೂರು, ದೆಹಲಿ ದಾಟಿ ಆ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಅದು ಅರ್ಜಿಯಾಗಿ ಉಳಿಯುವುದಿಲ್ಲ. ಒಂದು ಸರ್ಕಾರ ಇನ್ನೊಂದು ಸರ್ಕಾರಕ್ಕೆ ಬರೆಯುವ ಪತ್ರವಾಗುತ್ತದೆ. ಆ ಪತ್ರಕ್ಕೆ ತನ್ನದೇ ಆದ ರೂಪ ಇದೆ, ತನ್ನದೇ ಮಾತು ಇದೆ. ಇದು ಗೊತ್ತಿದ್ದರೆ ಮನೆಯವರು ಬರೆಯುವ ಮೊದಲ ಪುಟವೇ ಬೇರೆ ಆಗುತ್ತದೆ. ಕರಾವಳಿಯ ಕುಟುಂಬಗಳಿಗೆ ಇದನ್ನು ಹೇಳಬೇಕು ಎಂದೇ ಈ ಪ್ರಕರಣ ಬರೆಯುತ್ತಿದ್ದೇನೆ.

ನಾನು ಕಾರವಾರದಲ್ಲಿ ವಕೀಲಿ ಮಾಡುವವನು. ಸಂಬಂಧಪಟ್ಟವರ ಹೆಸರು, ಊರು, ವರ್ಷ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಹಿಡಿದಿಟ್ಟುಕೊಂಡ ದೇಶದ ಹೆಸರೂ ಬೇಡ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ.

ಹಿನ್ನೆಲೆ

ಕುಮಟಾ, ಹೊನ್ನಾವರ, ಭಟ್ಕಳ ಕಡೆಯ ಕಡಲ ಊರುಗಳಿಂದ ಕೊಲ್ಲಿ ದೇಶಗಳಿಗೆ ಹೋದವರೆಲ್ಲ ಅಂಗಡಿ, ಆಫೀಸು ಕೆಲಸಕ್ಕೆ ಹೋದವರಲ್ಲ. ಮೀನು ಹಿಡಿಯಲಿಕ್ಕೆ ಹೋದವರೂ ಇದ್ದಾರೆ. ಇಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಉಳಿದ ತಿಂಗಳಲ್ಲೂ ಡೀಸೆಲ್ ಖರ್ಚು ಕಳೆದರೆ ಪಾಲಿಗೆ ಬರುವುದು ಅಷ್ಟಕ್ಕಷ್ಟೆ. ಅಲ್ಲಿ ಅರ್ಬಾಬನ, ಅಂದರೆ ಅರಬ್ ಧಣಿಯ, ಲಾಂಚಿನಲ್ಲಿ ದುಡಿದರೆ ತಿಂಗಳಿಗೆ ಇಂತಿಷ್ಟು ಎಂದು ಮನೆಗೆ ಬರುತ್ತದೆ.

ನಮ್ಮ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ, ಹಾಗೆ ಹೋದವನು. ನಲವತ್ತು ದಾಟಿದ ವಯಸ್ಸು. ಊರಲ್ಲಿ ಪರ್ಸಿನ್ ಬೋಟಿನಲ್ಲಿ ಕಲಿತ ಕೈ. ಲಾಂಚಿನಲ್ಲಿ ಅವನ ಜೊತೆ, ಅವನ ಕೈಕೆಳಗೆ ದುಡಿಯುವ 5 ಮಂದಿ ಖಲಾಸಿಗಳು. ಅವರಲ್ಲಿ ಮೂವರು ನಮ್ಮ ಜಿಲ್ಲೆಯವರೇ. ಲಾಂಚು ನೋಂದಣಿಯಾದದ್ದು ಅರ್ಬಾಬನ ದೇಶದಲ್ಲಿ. ಹಿಡಿದದ್ದು ಕೊಲ್ಲಿಯ ಆಚೆ ದಂಡೆಯ ಇನ್ನೊಂದು ದೇಶದ ಕರಾವಳಿ ಕಾವಲು ಪಡೆ. ಅಂದರೆ ಬೋಟು ಒಂದು ದೇಶದ್ದು, ಹಿಡಿದವರು ಎರಡನೆಯ ದೇಶದವರು, ಒಳಗಿದ್ದವರು ಮೂರನೆಯ ದೇಶದವರು. ಈ ತ್ರಿಕೋನ ಮನೆಯವರಿಗೆ ಮೊದಲು ಅರ್ಥವಾಗಿರಲಿಲ್ಲ. ಯಾರಿಗೆ ತಾನೇ ಆಗುತ್ತದೆ?

ಸುದ್ದಿ ಬಂದದ್ದು ಬೇರೆ ಲಾಂಚಿನ ಖಲಾಸಿಯೊಬ್ಬನ ಫೋನಿನಿಂದ. ಆಮೇಲೆ ಅರ್ಬಾಬನ ಮ್ಯಾನೇಜರ್ ಒಂದು ಧ್ವನಿ ಸಂದೇಶ ಕಳಿಸಿದ. ಊರಿನವರೆಲ್ಲ ಅದನ್ನು ಕೇಳಿದರು. ಅದರಲ್ಲಿ ಇದ್ದದ್ದು ಇಷ್ಟು: ತಾಂಡೇಲ ಗಡಿ ದಾಟಿ ಒಳಗೆ ಹೋಗಿ ಬಲೆ ಹಾಕಿದ್ದಾನೆ, ನಾವು ನೋಡಿಕೊಳ್ಳುತ್ತೇವೆ, ಹೆದರಬೇಡಿ.

ಮೊದಲ ಅರ್ಜಿ

ಊರಿನ ಹುಡುಗರು ಕೂತು 4 ಪುಟದ ಅರ್ಜಿ ಬರೆದರು. ಮನಸ್ಸಿಟ್ಟು ಬರೆದದ್ದು. ಓದಿದರೆ ಕಣ್ಣಲ್ಲಿ ನೀರು ಬರುತ್ತದೆ. ಮೊದಲ ಪುಟದಲ್ಲಿ ಮನೆಯ ಕಷ್ಟ, ಮಕ್ಕಳ ಶಾಲೆ, ತಾಯಿಯ ಕಾಯಿಲೆ. ಎರಡನೆಯದರಲ್ಲಿ ಆ ದೇಶದವರು ಎಂಥವರು ಎಂಬ ಬೈಗುಳ. ಅಲ್ಲಿ ಹೊಡೆಯುತ್ತಾರಂತೆ, ಊಟ ಕೊಡುವುದಿಲ್ಲವಂತೆ ಎಂಬ ಮಾತು. ಮೂರನೆಯ ಪುಟದ ಮಧ್ಯೆ ಒಂದು ಸಾಲು: "ನಮ್ಮವರು ಗಾಳಿಗೆ ದಿಕ್ಕು ತಿಳಿಯದೆ ಆ ದೇಶದ ಗಡಿಯೊಳಗೆ ಹೋಗಿ ಮೀನು ಹಿಡಿಯುತ್ತಿದ್ದಾಗ ಬಂಧಿಸಿರುತ್ತಾರೆ." ಕೊನೆಗೆ, ಭಾರತ ಸರ್ಕಾರ ಇದನ್ನು ಕಟುವಾಗಿ ಖಂಡಿಸಿ ಕೂಡಲೇ ಬಿಡಿಸಿ ತರಬೇಕು ಎಂಬ ಬೇಡಿಕೆ. ಕೆಳಗೆ ನೂರಾರು ಸಹಿ.

ಇಲ್ಲದ್ದು ಏನು ಗೊತ್ತಾ? ಪಾಸ್‌ಪೋರ್ಟ್ ನಂಬರ್ ಇಲ್ಲ. ಲಾಂಚಿನ ನೋಂದಣಿ ಸಂಖ್ಯೆ ಇಲ್ಲ. ತಾಂಡೇಲನ ಹೆಸರನ್ನು ಊರಲ್ಲಿ ಕರೆಯುವ ಹಾಗೆ ಬರೆದಿತ್ತು. ಪಾಸ್‌ಪೋರ್ಟಿನಲ್ಲಿ ಅವನ ಹೆಸರು ಬೇರೆ, ಅದರ ಹಿಂದೆ ತಂದೆಯ ಹೆಸರು, ಮನೆತನದ ಹೆಸರು.

ಅರ್ಜಿಯ ಪ್ರತಿ ಎಲ್ಲ ಕಡೆ ಹೋಯಿತು. ಎಲ್ಲ ಕಡೆಯಿಂದಲೂ ಹೆಚ್ಚು ಕಡಿಮೆ ಒಂದೇ ಉತ್ತರ ಬಂತು: ಮುಂದಿನ ಕ್ರಮಕ್ಕಾಗಿ ಕಳಿಸಲಾಗಿದೆ. ಕೊನೆಗೆ ರಾಯಭಾರ ಕಚೇರಿಯಿಂದ ಒಂದು ಚಿಕ್ಕ ಇಮೇಲ್ ಬಂತು. ಬಂಧಿತರ ಪಾಸ್‌ಪೋರ್ಟ್ ವಿವರ, ಬೋಟಿನ ವಿವರ, ಎಲ್ಲಿ ಇಟ್ಟಿದ್ದಾರೆ ಎಂಬ ಮಾಹಿತಿ ಇದ್ದರೆ ಕೊಡಿ ಎಂದು ಕೇಳಿದ್ದರು. ಮನೆಯವರಿಗೆ ಸಿಟ್ಟು ಬಂತು. ಎಲ್ಲಿಟ್ಟಿದ್ದಾರೆ ಎಂದು ನಮಗೆ ಗೊತ್ತಿದ್ದರೆ ನಿಮ್ಮನ್ನು ಯಾಕೆ ಕೇಳುತ್ತಿದ್ದೆವು ಎಂದು. ಆ ಸಿಟ್ಟಿನಲ್ಲಿ ಇಮೇಲಿಗೆ ಉತ್ತರವೇ ಹೋಗಲಿಲ್ಲ. ಒಂದಿಷ್ಟು ವಾರ ಹಾಗೇ ಕಳೆದವು.

ಸಿರ್ಸಿಯ ಜಗುಲಿಯಲ್ಲಿ

ತಾಂಡೇಲನ ಹೆಂಡತಿಯ ತಮ್ಮ ಫೈಲು ಹಿಡಿದು ನನ್ನ ಹತ್ತಿರ ಬಂದದ್ದು ಆ ಹೊತ್ತಿಗೆ. ಕಾನೂನು ನನಗೆ ಗೊತ್ತು. ಆದರೆ ರಾಯಭಾರ ಕಚೇರಿಯ ಒಳಗೆ ಕಾಗದ ಹೇಗೆ ತಯಾರಾಗುತ್ತದೆ ಎಂದು ಅಲ್ಲಿ ಕೆಲಸ ಮಾಡಿದವರೇ ಹೇಳಬೇಕು. ಸಿರ್ಸಿ ಹತ್ತಿರ ಅಂಥ ಒಬ್ಬರು ಹಿರಿಯರಿದ್ದಾರೆ. ಬಹಳ ವರ್ಷ ಬೇರೆ ಬೇರೆ ದೇಶಗಳ ಭಾರತೀಯ ಕಚೇರಿಗಳಲ್ಲಿ ಇದೇ ಕಾಗದಗಳ ಮಧ್ಯೆ ಇದ್ದವರು. ಈಗ ಅಡಿಕೆ ತೋಟ ನೋಡಿಕೊಂಡಿದ್ದಾರೆ. ದೇವಿಮನೆ ಘಟ್ಟ ಹತ್ತಿ ಅವರ ಮನೆಗೆ ಹೋದೆವು. ಹುಡುಗನೂ ಜೊತೆಗಿದ್ದ. ಅವನ ಅಕ್ಕ, ಅಂದರೆ ತಾಂಡೇಲನ ಹೆಂಡತಿ, ತಾನೂ ಬರುತ್ತೇನೆ ಎಂದು ಹೊರಟು ಬಂದಿದ್ದಳು.

ಅವರು 4 ಪುಟವನ್ನೂ ಪೂರ್ತಿ ಓದಿದರು. ಆಮೇಲೆ ಮೂರನೆಯ ಪುಟದ ಆ ಸಾಲಿನ ಕೆಳಗೆ ಬೆರಳಿಟ್ಟು ಕೇಳಿದರು:

"ತಮ್ಮಾ, ಇದು ನಿಮಗೆ ಹೇಗೆ ಗೊತ್ತು?"

"ಎಲ್ಲರಿಗೂ ಗೊತ್ತುಂಟು. ಮ್ಯಾನೇಜರೇ ಹೇಳಿದ್ದಾನೆ."

"ಅವನು ಲಾಂಚಿನಲ್ಲಿ ಇದ್ದನಾ?"

ಹುಡುಗ ಸುಮ್ಮನಾದ. ಅಕ್ಕ ಹೇಳಿದಳು: "ಸುಳ್ಳು ಬರೀಬಾರ್ದು ಅಂತಲೇ ಬರೆದದ್ದು. ಗಡಿ ದಾಟಿದ್ದು ನಿಜ ಆದ್ರೆ ಹೇಳೂದು ಒಳ್ಳೇದು ಅಲ್ರಾ?"

ಇಡೀ ಪ್ರಕರಣದ ತಿರುವು ಇಲ್ಲೇ ಇದೆ ಎಂದು ನಾನು ಈಗಲೂ ನಂಬಿದ್ದೇನೆ. ಹಿರಿಯರು ಅಕ್ಕನಿಗೆ ತಾಳ್ಮೆಯಿಂದ ಬಿಡಿಸಿ ಹೇಳಿದರು. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

ರಾಯಭಾರ ಕಚೇರಿ ಆ ದೇಶದ ಜೈಲಿಗೋ ಪೊಲೀಸರಿಗೋ ತನಗೆ ಬೇಕಾದ ಹಾಗೆ ಕಾಗದ ಬರೆಯುವುದಿಲ್ಲ. 1961ರ ವಿಯೆನ್ನಾ ರಾಜತಾಂತ್ರಿಕ ಸಂಬಂಧಗಳ ಒಪ್ಪಂದದ 41ನೇ ವಿಧಿಯ ಪ್ರಕಾರ ಅದರ ವ್ಯವಹಾರವೆಲ್ಲ ಆ ದೇಶದ ವಿದೇಶಾಂಗ ಸಚಿವಾಲಯದ ಜೊತೆ, ಅಥವಾ ಅದರ ಮೂಲಕ, ಅಥವಾ ಎರಡೂ ದೇಶ ಒಪ್ಪಿದ ಬೇರೆ ಇಲಾಖೆಯ ಮೂಲಕ. ಆ ದೇಶದ ಒಂದು ಭಾಗದಲ್ಲಿ ನಮ್ಮ ಜನರ ಕೆಲಸ ನೋಡುವ ಕಾನ್ಸುಲೇಟಿಗೆ ಸ್ವಲ್ಪ ಸಡಿಲ ಇದೆ. 1963ರ ಕಾನ್ಸುಲರ್ ಒಪ್ಪಂದದ 38ನೇ ವಿಧಿಯಂತೆ ತನ್ನ ವ್ಯಾಪ್ತಿಯ ಸ್ಥಳೀಯ ಅಧಿಕಾರಿಗಳಿಗೆ ಅದು ನೇರವಾಗಿ ಬರೆಯಬಹುದು. ಹೀಗೆ ದಿನನಿತ್ಯ ಓಡಾಡುವ ಪತ್ರಕ್ಕೆ ನೋಟ್ ವರ್ಬಾಲ್ ಎನ್ನುತ್ತಾರೆ. ಕಚೇರಿಯವರು ಬರೀ ನೋಟ್ ಎಂದೇ ಹೇಳುವುದು.

ನೋಟ್ ಹೇಗಿರುತ್ತದೆ ಎಂದು ಅವರು ಒಂದು ಬಿಳಿ ಹಾಳೆಯಲ್ಲಿ ಬರೆದು ತೋರಿಸಿದರು. ಮೇಲೆ ಲಾಂಛನ, ಅದರ ಕೆಳಗೆ ಒಂದು ಸಂಖ್ಯೆ. "ಮಾನ್ಯರೇ" ಇಲ್ಲ. "ನಾನು" ಇಲ್ಲ, "ನಾವು" ಇಲ್ಲ, "ತಾವು" ಕೂಡ ಇಲ್ಲ. ಎಲ್ಲ ಪ್ರಥಮ ಪುರುಷದಲ್ಲಿ. ಭಾರತದ ರಾಯಭಾರ ಕಚೇರಿಯು ವಿದೇಶಾಂಗ ಸಚಿವಾಲಯಕ್ಕೆ ಗೌರವಗಳನ್ನು ಸಲ್ಲಿಸಿ ಇಂಥ ವಿಷಯ ತಿಳಿಸಬಯಸುತ್ತದೆ ಎಂದು ಶುರು. ಮಧ್ಯೆ ವಿಷಯ. ಸಚಿವಾಲಯದ ಬಗ್ಗೆ ತನಗಿರುವ ಅತ್ಯುನ್ನತ ಆದರವನ್ನು ಈ ಸಂದರ್ಭದಲ್ಲಿ ಮತ್ತೊಮ್ಮೆ ತಿಳಿಸುತ್ತದೆ ಎಂದು ಮುಗಿತಾಯ. ಕೆಳಗೆ ಊರು, ತಾರೀಕು. ಪೂರ್ತಿ ಸಹಿ ಇರುವುದಿಲ್ಲ, ಕಚೇರಿಯ ಮೊಹರು ಮತ್ತು ಅಧಿಕಾರಿಯ ಚಿಕ್ಕ ಸಹಿ ಅಷ್ಟೆ. ಯಾರಿಗೆ ಎಂಬುದು ಕೊನೆಯಲ್ಲಿ ಎಡಗಡೆ. ಬರೆದವನು ಒಬ್ಬ ಮನುಷ್ಯ ಎಂಬ ಗುರುತೇ ಅದರಲ್ಲಿ ಇರುವುದಿಲ್ಲ. ಅಲ್ಲಿ ಮಾತಾಡುವುದು ಕಚೇರಿ, ಅದರ ಹಿಂದೆ ಸರ್ಕಾರ.

ಅದಕ್ಕೇ ಆ ಸಾಲು ಅಪಾಯ. ಮನೆಯವರ ಅರ್ಜಿಯಲ್ಲಿ "ಗಡಿಯೊಳಗೆ ಹೋಗಿ ಮೀನು ಹಿಡಿಯುತ್ತಿದ್ದಾಗ" ಎಂದು ಇದ್ದು, ಅವಸರದಲ್ಲಿ ಅದೇ ಮಾತು ನೋಟಿಗೆ ಇಳಿದರೆ? ಆಗ ಹಾಗೆಂದು ಹೇಳಿದ್ದು ಹೆಂಡತಿಯಲ್ಲ, ಭಾರತ ಸರ್ಕಾರ. ತನ್ನದೇ ಪ್ರಜೆಯ ಮೇಲಿನ ಆರೋಪವನ್ನು ವಿಚಾರಣೆಗೆ ಮೊದಲೇ ಒಪ್ಪಿಕೊಂಡ ಹಾಗೆ. ಒಮ್ಮೆ ಸಂಖ್ಯೆ ಹಾಕಿ ಹೋದ ನೋಟನ್ನು ಮರೆತುಬಿಡಿ ಎನ್ನಲಿಕ್ಕೆ ಆಗುವುದಿಲ್ಲ.

ಇದರಲ್ಲಿ ಇನ್ನೊಂದು ಗಂಟು ಇತ್ತು. ಕರಾವಳಿಯಿಂದ 12 ನಾಟಿಕಲ್ ಮೈಲಿ ಒಳಗಿನದು ಆ ದೇಶದ ಸ್ವಂತ ಸಮುದ್ರ. ಅದರಾಚೆ 200 ಮೈಲಿವರೆಗೆ ಆರ್ಥಿಕ ವಲಯ, ಅಲ್ಲಿನ ಮೀನಿನ ಮೇಲೆ ಆ ದೇಶಕ್ಕೆ ಹಕ್ಕು. 1982ರ ಸಮುದ್ರ ಕಾನೂನು ಒಪ್ಪಂದದ 73ನೇ ವಿಧಿ ಪ್ರಕಾರ ಆರ್ಥಿಕ ವಲಯದಲ್ಲಿ ಹಿಡಿದ ಬೋಟು ಮತ್ತು ಜನರನ್ನು ಜಾಮೀನು ಕೊಟ್ಟ ಮೇಲೆ ಬೇಗ ಬಿಡಬೇಕು. ದೇಶಗಳ ನಡುವೆ ಬೇರೆ ಒಪ್ಪಂದ ಇಲ್ಲದಿದ್ದರೆ, ಮೀನು ಹಿಡಿದ ತಪ್ಪಿಗೆ ಜೈಲು ಹಾಕುವಂತಿಲ್ಲ. 12 ಮೈಲಿ ಒಳಗೆ ಈ ರಕ್ಷಣೆ ಇಲ್ಲ. ಹಾಗಾಗಿ ಲಾಂಚು ಎಲ್ಲಿತ್ತು ಎಂಬುದೇ ಕೇಸಿನ ಜೀವ. ಅದನ್ನು ಹೇಳಬೇಕಾದವನು ತಾಂಡೇಲ, ಹೇಳಬೇಕಾದದ್ದು ಲಾಂಚಿನ ಜಿಪಿಎಸ್. ಮ್ಯಾನೇಜರ್ ಅಲ್ಲ. ಮ್ಯಾನೇಜರಿಗೆ ಲಾಂಚು ವಾಪಸ್ ಬೇಕು. ತಪ್ಪು ತಾಂಡೇಲನದ್ದು ಎಂದಾದರೆ ಅವನ ಧಣಿಗೆ ಅನುಕೂಲ.

ಅಕ್ಕನಿಗೆ ಇದು ಅರ್ಥವಾದ ಕೂಡಲೇ ಮುಖ ಬಿಗಿಯಾಯಿತು. "ಹಾಗಾದ್ರೆ ಆ ಸಾಲು ತೆಗೀರಿ" ಎಂದಳು. ಸುಳ್ಳು ಬರೆಯಬೇಕಾಗಿಲ್ಲ, ಗೊತ್ತಿಲ್ಲದ್ದನ್ನು ಬರೆಯದಿದ್ದರೆ ಸಾಕು ಎಂಬುದು ಅವಳಿಗೆ ಒಪ್ಪಿಗೆಯಾಯಿತು.

ಏನು ಕೇಳಬೇಕು ಎಂಬ ಚರ್ಚೆ

ಆ ಸಾಲು ಹೋದ ಮೇಲೆ ಉಳಿದದ್ದು ಬೇಡಿಕೆ. ಹುಡುಗನಿಗೆ "ಖಂಡಿಸಬೇಕು" ಎಂಬ ಮಾತು ಇರಲೇಬೇಕಿತ್ತು. ಊರಲ್ಲಿ ಎಲ್ಲರೂ ಅದನ್ನೇ ಕೇಳುತ್ತಿದ್ದರು. ಸರ್ಕಾರ ಸುಮ್ನೆ ಕೂತಿದೆ ಎಂಬ ಭಾವನೆ ಇತ್ತು.

ಖಂಡನೆಯ ನೋಟ್ ಎಂಬುದು ಇದೆ. ಅದು ಬರೆಯುವಾಗ ಕೆಲವೊಮ್ಮೆ ಆರಂಭದ, ಕೊನೆಯ ಮರ್ಯಾದೆ ಮಾತುಗಳನ್ನು ಬೇಕೆಂದೇ ಬಿಡುತ್ತಾರೆ. ಓದುವವರಿಗೆ ಅಷ್ಟರಲ್ಲೇ ಸಿಟ್ಟು ತಿಳಿಯುತ್ತದೆ. ಆದರೆ ಖಂಡಿಸಬೇಕಾದರೆ ಆ ದೇಶ ಏನೋ ತಪ್ಪು ಮಾಡಿದೆ ಎಂದು ಗೊತ್ತಿರಬೇಕು. ನಮ್ಮ ಹತ್ತಿರ ಇದ್ದದ್ದು "ಅಂತೆ" ಮಾತ್ರ. ಹೊಡೆಯುತ್ತಾರಂತೆ, ಊಟ ಇಲ್ಲವಂತೆ. ಆಧಾರ ಇಲ್ಲದೆ ಖಂಡಿಸಿದರೆ ಅವರು ಅಲ್ಲಗಳೆಯುತ್ತಾರೆ, ಮುಂದಿನ ನಾಲ್ಕು ನೋಟು ಆ ವಾದದಲ್ಲೇ ಹೋಗುತ್ತವೆ. ತಾಂಡೇಲ ಎಲ್ಲಿದ್ದಾನೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಬಿಡುಗಡೆ ಎಂಬ ಬೇಡಿಕೆಗೂ ಹಿರಿಯರು ಆ ಹಂತದಲ್ಲಿ ಒಪ್ಪಲಿಲ್ಲ. ನನಗೂ ಮೊದಲು ಇದು ಗಟ್ಟಿ ಮಾತು ಅನಿಸಿತು. ಆದರೆ ಅವರ ತರ್ಕ ಸರಿ ಇತ್ತು. ಬಿಡುಗಡೆ ಕೇಳಿದರೆ ಆ ಸಚಿವಾಲಯ "ವಿಷಯ ನ್ಯಾಯಾಲಯದಲ್ಲಿದೆ" ಎಂದು ಒಂದೇ ಸಾಲಿನಲ್ಲಿ ಮುಗಿಸಬಹುದು. ಇಲ್ಲ ಎನ್ನಲಾಗದ್ದನ್ನು ಮೊದಲು ಕೇಳಬೇಕು. ಅಂಥದ್ದು 1963ರ ಕಾನ್ಸುಲರ್ ಒಪ್ಪಂದದ 36ನೇ ವಿಧಿಯಲ್ಲಿದೆ. ಬಂಧಿತ ಕೇಳಿದರೆ ಅವನ ದೇಶದ ಕಚೇರಿಗೆ ತಡಮಾಡದೆ ತಿಳಿಸಬೇಕು. ಈ ಹಕ್ಕು ಇದೆ ಎಂದು ಅವನಿಗೂ ಹೇಳಬೇಕು. ಆ ಕಚೇರಿಯ ಅಧಿಕಾರಿಗಳು ಅವನನ್ನು ನೋಡಬಹುದು, ಮಾತಾಡಬಹುದು, ವಕೀಲರನ್ನು ಗೊತ್ತು ಮಾಡಬಹುದು.

ಈ 36ನೇ ವಿಧಿಗೆ ಎಷ್ಟು ತೂಕ ಇದೆ ಎನ್ನಲು ಪಾಕಿಸ್ತಾನ ಗೂಢಚಾರನೆಂದು ಬಂಧಿಸಿದ ಭಾರತೀಯ ಕುಲಭೂಷಣ್ ಜಾಧವ್ ಪ್ರಕರಣವೇ ಸಾಕು. ಜಾಧವರನ್ನು ನೋಡಲು ಬಿಡಿ ಎಂದು ಭಾರತ 2016ರ ಮಾರ್ಚಿನಿಂದಲೇ ಪಾಕಿಸ್ತಾನಕ್ಕೆ ನೋಟಿನ ಮೇಲೆ ನೋಟು ಬರೆಯಿತು. 2017ರ ಮಾರ್ಚ್ 21ರ ನೋಟಿನಲ್ಲಿ ಪಾಕಿಸ್ತಾನ, ತನಿಖೆಗೆ ಸಹಾಯ ಮಾಡಬೇಕೆಂಬ ತನ್ನ ಕೋರಿಕೆಗೆ ಭಾರತ ಏನು ಹೇಳುತ್ತದೆ ಎಂಬುದನ್ನು ನೋಡಿ ಭೇಟಿಯ ವಿಷಯ ಪರಿಶೀಲಿಸುತ್ತೇನೆ ಎಂದಿತು. 2019ರ ಜುಲೈ 17ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ, ಪಾಕಿಸ್ತಾನ 36ನೇ ವಿಧಿ ಮುರಿದಿದೆ ಎಂದು ತೀರ್ಪು ಕೊಟ್ಟಿತು. ಎರಡೂ ಕಡೆ ನಡೆದ ಈ ನೋಟುಗಳೇ ಅಲ್ಲಿ ದಾಖಲೆಗಳಾದವು. ಯಾರು, ಯಾವ ತಾರೀಕಿಗೆ, ಏನು ಕೇಳಿದರು, ಏನು ಉತ್ತರ ಬಂತು ಎಂಬುದನ್ನು ವರ್ಷಗಳ ಮೇಲೂ ಓದುತ್ತಾರೆ. ತಾಂಡೇಲನ ಕೇಸು ಅಲ್ಲಿಯವರೆಗೆ ಹೋಗುವಂಥದ್ದಲ್ಲ, ನಿಜ. ಆದರೆ ಕಾಗದದ ಜಾತಿ ಅದೇ.

ಲಾಂಚಿನ ವಿಷಯ ಅರ್ಜಿಯಿಂದ ಪೂರ್ತಿ ಹೊರಗಿಟ್ಟೆವು. ಬೋಟನ್ನು ಬಿಡಿ ಎಂದು ಕೇಳುವ ಹಕ್ಕು ಅದರ ಧ್ವಜದ ದೇಶಕ್ಕೆ, ಅಂದರೆ ಅದು ನೋಂದಣಿಯಾದ ದೇಶಕ್ಕೆ. ಅರ್ಬಾಬ ತನ್ನ ಸರ್ಕಾರದ ಮೂಲಕ ಕೇಳಿಕೊಳ್ಳಲಿ. ಎರಡನ್ನೂ ಕಟ್ಟಿ ಕೇಳಿದರೆ ಬೋಟಿನ ತಕರಾರು ಮುಗಿಯುವವರೆಗೆ ಜನರೂ ಕಾಯಬೇಕಾಗುತ್ತದೆ.

ಹೊರಡುವಾಗ ಹುಡುಗ ಕೇಳಿದ, ಮಂತ್ರಿಗಳೇ ಒಂದು ಫೋನ್ ಮಾಡಿದರೆ ಆಗುವುದಿಲ್ಲವಾ ಎಂದು. ಫೋನಿನಿಂದ ಕೆಲಸ ವೇಗ ಆಗಬಹುದು, ಆದರೆ ಜೈಲಿನ ಗೇಟಿನಲ್ಲಿ ತೋರಿಸಲಿಕ್ಕೆ ಕಾಗದವೇ ಬೇಕು. ಹಾಗೆ ಬರೆಯಲಿಕ್ಕೆ ಅಲ್ಲಿ ನಮ್ಮ ಕಚೇರಿ ಇದೆ ಎಂಬುದೇ ದೊಡ್ಡದು. ಕಾರವಾರದವರಿಗೆ ಇದು ಬೇಗ ತಿಳಿಯಬೇಕು. 1961ರ ನವೆಂಬರಿನಲ್ಲಿ ಬಿಣಗಾ ಎದುರಿನ ಅಂಜುದೀವ ದ್ವೀಪದಿಂದ ಪೋರ್ಚುಗೀಸರು ಸಾಬರಮತಿ ಹಡಗಿನ ಮೇಲೆ ಗುಂಡು ಹಾರಿಸಿದರು. ಕೆಲವೇ ದಿನಗಳಲ್ಲಿ ಒಬ್ಬ ಮೀನುಗಾರ ಗುಂಡಿಗೆ ಸತ್ತ. ಆ ಹೊತ್ತಿಗೆ ದೆಹಲಿಯಲ್ಲಿ ಪೋರ್ಚುಗಲ್ ಕಚೇರಿಯೂ ಇರಲಿಲ್ಲ, ಲಿಸ್ಬನ್ನಿನಲ್ಲಿ ನಮ್ಮದೂ ಇರಲಿಲ್ಲ. ಕಚೇರಿ ಇಲ್ಲದ ಕಡೆ ಒಂದು ನೋಟು ಮುಟ್ಟಿಸಲಿಕ್ಕೂ ಮೂರನೆಯ ದೇಶದ ಕೈ ಬೇಕಾಗುತ್ತದೆ.

ಹೊಸ ಅರ್ಜಿ

ಹೊಸ ಅರ್ಜಿ ಒಂದೇ ಪುಟದ್ದಾಯಿತು. ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ 6 ಜನರ ಹೆಸರು, ಇಂಗ್ಲಿಷ್ ಸ್ಪೆಲ್ಲಿಂಗ್ ಸಮೇತ. ತಂದೆಯ ಹೆಸರು, ಹುಟ್ಟಿದ ತಾರೀಕು, ಪಾಸ್‌ಪೋರ್ಟ್ ಸಂಖ್ಯೆ. ಲಾಂಚಿನ ನೋಂದಣಿ ಸಂಖ್ಯೆ. ಅವರ ಜೊತೆ ಕೊನೆಯ ಸಲ ಮಾತಾಡಿದ್ದು ಯಾವಾಗ, ಹಿಡಿದರು ಎಂಬ ಸುದ್ದಿ ಯಾರಿಂದ ಬಂತು. ಆಮೇಲೆ ಎರಡೇ ಕೋರಿಕೆ: ಇವರು ಎಲ್ಲಿದ್ದಾರೆ ಎಂದು ದೃಢಪಡಿಸಬೇಕು, ನಮ್ಮ ಅಧಿಕಾರಿಗಳು ಇವರನ್ನು ಭೇಟಿಯಾಗಲು ಅವಕಾಶ ಕೇಳಬೇಕು. ತಾಯಿಯ ಕಾಯಿಲೆಯ ವಿಷಯ ಬೇರೆ ಹಾಳೆಯಲ್ಲಿ, ಆಸ್ಪತ್ರೆ ಕಾಗದದ ಜೊತೆ ಇಟ್ಟೆವು. ಅದು ಮುಂದೆ ಬೇಕಾಗುತ್ತದೆ ಎಂದು ಹಿರಿಯರು ಹೇಳಿದ್ದರು.

ಪಾಸ್‌ಪೋರ್ಟ್‌ಗಳು ಇದ್ದದ್ದು ಅರ್ಬಾಬನ ಕಪಾಟಿನಲ್ಲಿ. ಪುಣ್ಯಕ್ಕೆ ಅಕ್ಕ ಗಂಡನ ಪಾಸ್‌ಪೋರ್ಟಿನ ಜೆರಾಕ್ಸನ್ನು ರೇಷನ್ ಕಾರ್ಡಿನ ಜೊತೆ ಜೋಪಾನ ಮಾಡಿದ್ದಳು. ಉಳಿದವರದ್ದು ಹುಡುಕಲಿಕ್ಕೆ ಮನೆ ಮನೆ ತಿರುಗಬೇಕಾಯಿತು. ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್ 2015ರಿಂದ ಇದೆ. ಅಲ್ಲಿ ದೂರು ದಾಖಲಿಸಿ, ಆ ಸಂಖ್ಯೆಯನ್ನು ಪ್ರತಿ ಕಾಗದದ ಮೇಲೂ ಬರೆದೆವು. ಹಳೆಯ ಇಮೇಲಿಗೂ ಉತ್ತರ ಕೊಟ್ಟೆವು.

ಕೆಲವರು ಕಾರವಾರದಲ್ಲಿ ಪತ್ರಿಕಾಗೋಷ್ಠಿ ಮಾಡೋಣ ಎಂದರು. ಮಾಡಬಾರದು ಎಂದಲ್ಲ, ಮೊದಲ ಭೇಟಿ ಆಗುವವರೆಗೆ ಆ ದೇಶದ ಬಗ್ಗೆ ಯಾರೂ ಕೆಟ್ಟದಾಗಿ ಮಾತಾಡಬಾರದು ಎಂದು ಕೇಳಿಕೊಂಡೆವು. ಮೀನುಗಾರ ಮುಖಂಡರು ಒಪ್ಪಿದರು. ಅವರಿಗೆ ಅದು ಸುಲಭ ಆಗಿರಲಿಲ್ಲ. ಊರಿನಲ್ಲಿ ಜನ ಅವರನ್ನೇ ಬಯ್ಯುತ್ತಿದ್ದರು.

ಏನಾಯಿತು

ಈ ಸಲ ರಾಯಭಾರ ಕಚೇರಿಯಿಂದ ಬೇಗ ಉತ್ತರ ಬಂತು. ಸಚಿವಾಲಯಕ್ಕೆ ನೋಟ್ ವರ್ಬಾಲ್ ಕಳಿಸಲಾಗಿದೆ ಎಂದು ತಾರೀಕಿನ ಸಮೇತ ಬರೆದಿದ್ದರು. ಆಮೇಲೆ ಮೌನ. ಆಮೇಲೆ ಜ್ಞಾಪಕದ ನೋಟ್. ಅದರಲ್ಲಿ ಹೊಸದೇನೂ ಇರುವುದಿಲ್ಲ, ಇಂಥ ಸಂಖ್ಯೆಯ, ಇಂಥ ತಾರೀಕಿನ ತನ್ನ ನೋಟನ್ನು ನೆನಪಿಸುತ್ತದೆ ಎಂದಷ್ಟೇ. ಅದು ಬರೀ ಶಾಸ್ತ್ರ ಎಂದು ಊರವರಿಗೆ ಅನಿಸಿತು. ಆದರೆ ಕೇಳಿದ್ದು ಎಷ್ಟು ಸಲ, ಉತ್ತರ ಬಾರದೆ ಉಳಿದದ್ದು ಎಷ್ಟು ದಿನ ಎಂಬ ಲೆಕ್ಕ ಅದರಿಂದಲೇ ಹುಟ್ಟುತ್ತದೆ.

ಕೊನೆಗೆ ಆ ಸಚಿವಾಲಯದ ನೋಟ್ ಬಂತು. ಇಂಥ ಬಂದರು ಪಟ್ಟಣದಲ್ಲಿ 5 ಭಾರತೀಯರು ಇದ್ದಾರೆ ಎಂದಿತ್ತು. ನಮ್ಮವರು 6. ಒಬ್ಬ ಖಲಾಸಿಯ ಹೆಸರು ಇಲ್ಲ. ಅವನ ಮನೆಯಲ್ಲಿ ಅಳು ಶುರುವಾಯಿತು. ಕಡಲಿಗೆ ಬಿದ್ದಿರಬೇಕು ಎಂದು ಯಾರೋ ಹೇಳಿಬಿಟ್ಟಿದ್ದರು. ನಿಜ ಸಂಗತಿ ಬೇರೆ ಇತ್ತು. ಅಲ್ಲಿನ ಪಟ್ಟಿಯಲ್ಲಿ ತಂದೆಯ ಹೆಸರನ್ನೇ ಅವನ ಹೆಸರು ಎಂದು ಹಿಡಿದು, ತಮ್ಮ ಲಿಪಿಗೆ ಬದಲಿಸಿ, ಅವನನ್ನು ಬೇರೆ ದೇಶದವನೆಂದು ಬರೆದುಕೊಂಡಿದ್ದರು. ಹುಟ್ಟಿದ ತಾರೀಕು, ಪಾಸ್‌ಪೋರ್ಟ್ ಸಂಖ್ಯೆ ಹಾಕಿ ಇನ್ನೊಂದು ನೋಟ್ ಹೋದ ಮೇಲೆ ಅವನು ಸಿಕ್ಕಿದ. ಮೊದಲ ಅರ್ಜಿಯಲ್ಲಿದ್ದ ಹಾಗೆ ಕರೆಯುವ ಹೆಸರನ್ನೇ ಕೊಟ್ಟಿದ್ದರೆ ಯಾರನ್ನೂ ಹುಡುಕಲಿಕ್ಕೆ ಆಗುತ್ತಿರಲಿಲ್ಲ.

ಭೇಟಿಗೆ ಅವಕಾಶ ಸಿಕ್ಕಿತು. ತಾಂಡೇಲ ಅಧಿಕಾರಿಗೆ ಹೇಳಿದ್ದು ಕೇಳಿದಾಗ ನನಗೆ ಮೈ ಜುಂ ಎಂದಿತು. ಗೇರ್‌ಬಾಕ್ಸ್ ಕೆಟ್ಟು ಲಾಂಚು ರಾತ್ರಿಯಿಡೀ ತೇಲಿದೆ. ಬಲೆ ನೀರಿನಲ್ಲಿ ಇರಲೇ ಇಲ್ಲ. ವಿಚಾರಣೆಯಲ್ಲೂ ಅವನು ಇದನ್ನೇ ಹೇಳಿದ್ದ. "ಮೀನು ಹಿಡಿಯುತ್ತಿದ್ದಾಗ" ಎಂದು ನಮ್ಮದೇ ಸರ್ಕಾರದ ನೋಟಿನಲ್ಲಿ ಇದ್ದಿದ್ದರೆ ಅವನ ಮಾತನ್ನು ಯಾರು ನಂಬುತ್ತಿದ್ದರು?

ಆದರೂ ಎಲ್ಲ ಸುಖವಾಗಿ ಮುಗಿಯಲಿಲ್ಲ. ಲಾಂಚು 12 ಮೈಲಿ ಒಳಗೆ ಸಿಕ್ಕಿದ್ದು ಜಿಪಿಎಸ್‌ನಲ್ಲಿ ಸಾಬೀತಾಯಿತು. ಅಕ್ರಮವಾಗಿ ಮೀನು ಹಿಡಿದ ಆರೋಪ ಮಾತ್ರ ರುಜುವಾಗಲಿಲ್ಲ. ಖಲಾಸಿಗಳಿಗೆ ದಂಡ ಹಾಕಿ ಬಿಟ್ಟರು. ತಾಂಡೇಲನಿಗೆ ದಂಡದ ಜೊತೆ ಕೆಲವು ತಿಂಗಳ ಸಜೆ ಆಯಿತು. ಲಾಂಚು ಮುಟ್ಟುಗೋಲಾಯಿತು. ಪಾಸ್‌ಪೋರ್ಟ್ ಇಲ್ಲದ್ದರಿಂದ ಖಲಾಸಿಗಳಿಗೆ ರಾಯಭಾರ ಕಚೇರಿ ಊರಿಗೆ ಮರಳಲು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಟ್ಟಿತು. ದೇಶ ಬಿಡುವ ಪರವಾನಗಿಗೆ ಮತ್ತೊಂದು ನೋಟ್. ಟಿಕೆಟ್ ಖರ್ಚು ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಸಿಕ್ಕಿತು. 2009ರಲ್ಲಿ ಶುರುವಾದ ಈ ನಿಧಿ ಇರುವುದೇ ಇಂಥ ಕಷ್ಟಕ್ಕೆ.

ತೀರ್ಪು ಬಂದ ಮೇಲೆ ಕಾಗದದ ರೂಪವೇ ಬದಲಾಯಿತು. ಇನ್ನು ಹಕ್ಕಿನ ಮಾತು ಉಳಿದಿರಲಿಲ್ಲ. ದಯೆ ಕೇಳಬೇಕಿತ್ತು. ನಮ್ಮ ಅಧಿಕಾರಿ ಸಚಿವಾಲಯಕ್ಕೆ ಹೋಗಿ, ಎದುರು ಕೂತು, ತಾಯಿಯ ಕಾಯಿಲೆಯ ವಿಷಯ ಬಾಯಲ್ಲೇ ಹೇಳಿ, ಹೊರಡುವಾಗ ಒಂದು ಹಾಳೆ ಬಿಟ್ಟು ಬಂದರು. ಇದಕ್ಕೆ ಏಡ್ ಮೆಮ್ವಾರ್ ಎನ್ನುತ್ತಾರೆ. ಅದರಲ್ಲಿ ಗೌರವ ಸಲ್ಲಿಸುವ ಸಾಲುಗಳಿಲ್ಲ, ಸಹಿ ಇಲ್ಲ. ಮಾತಾಡಿದ್ದು ಮರೆಯದಿರಲಿ ಎಂಬಷ್ಟಕ್ಕೇ ಇರುವ ಕಾಗದ. ಇದಕ್ಕಿಂತ ಹಗುರವಾದದ್ದು ನಾನ್‌ಪೇಪರ್. ಅದರ ಮೇಲೆ ಲಾಂಛನವೂ ಇರುವುದಿಲ್ಲ, ನಾಳೆ ಇದು ನಮ್ಮದಲ್ಲ ಎನ್ನಬಹುದು. ಭಾರವಾದದ್ದು ಬೇಕಿದ್ದರೆ ರಾಯಭಾರಿ ವಿದೇಶಾಂಗ ಮಂತ್ರಿಗೆ "ನಾನು" ಎಂದೇ ಬರೆದು ಸಹಿ ಹಾಕುವ ಪತ್ರ. ಇಲ್ಲಿ ಅಷ್ಟು ಭಾರ ಹೇರಿದರೆ ಕೆಳಗಿನ ಅಧಿಕಾರಿಗಳು ತಾವಾಗಿ ಮಾಡಬಹುದಾದ ಉಪಕಾರ ಮೇಲಿನವರ ತೀರ್ಮಾನಕ್ಕೆ ಹೋಗಿ ಕೂರುತ್ತಿತ್ತು. ಪ್ರತ್ಯೇಕ ಹಾಳೆಯಲ್ಲಿ ಇಟ್ಟಿದ್ದ ಆಸ್ಪತ್ರೆ ಕಾಗದ ಕೆಲಸಕ್ಕೆ ಬಂದದ್ದು ಈಗ.

ತಾಂಡೇಲ ಸಜೆ ಮುಗಿಯುವ ಮೊದಲೇ, ಅಲ್ಲಿನ ಹಬ್ಬದ ಹೊತ್ತಿಗೆ ಬೇರೆ ಕೈದಿಗಳ ಜೊತೆ ಬಿಡುಗಡೆಯಾದ. ಆ ಹಾಳೆಯಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಪಟ್ಟಿ ಮಾಡುವವರ ಮೇಜಿನ ಮೇಲೆ ಅವನ ಹೆಸರು, ಸರಿಯಾದ ಸ್ಪೆಲ್ಲಿಂಗಿನಲ್ಲಿ, ಒಂದು ಒಳ್ಳೆಯ ಕಾರಣದ ಜೊತೆ ಇತ್ತು ಎಂಬುದಂತೂ ಖಚಿತ.

ಈಗ ಆ ಊರಿನಲ್ಲಿ

ಈ ಪ್ರಕರಣದಲ್ಲಿ ಹೆಚ್ಚು ಸಮಯ ತಿಂದದ್ದು ಆ ದೇಶವೂ ಅಲ್ಲ, ದೆಹಲಿಯೂ ಅಲ್ಲ. ಉತ್ತರ ಕೊಡದೆ ಬಿಟ್ಟ ಆ ಒಂದು ಇಮೇಲ್ ಮತ್ತು ಯಾರದೋ ಬಾಯಿಂದ ಬಂದ ಒಂದು ಸಾಲು. ಹುಡುಗರ ತಪ್ಪು ಎನ್ನಲಾರೆ. ಸರ್ಕಾರದ ಕಾಗದ ಹೇಗೆ ಓಡಾಡುತ್ತದೆ ಎಂದು ನಮ್ಮ ಕಡಲ ಊರುಗಳಲ್ಲಿ ಹೇಳಿಕೊಟ್ಟವರು ಯಾರು? ಎಷ್ಟೋ ಮನೆಗಳ ಗಂಡಸರು ಹೊರ ಸಮುದ್ರದಲ್ಲಿ ದುಡಿಯುತ್ತಿರುವಾಗ ಇದು ಮೀನುಗಾರ ಸಂಘಗಳ ಕೆಲಸ ಆಗಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆ ಊರಿನಲ್ಲಿ ಅದು ಶುರುವಾಗಿದೆ. ಕೊಲ್ಲಿಗೆ ಹೊರಡುವವರು ಪಾಸ್‌ಪೋರ್ಟ್, ವೀಸಾದ ಜೆರಾಕ್ಸನ್ನು ಮನೆಯಲ್ಲೊಂದು, ಸಂಘದಲ್ಲೊಂದು ಇಟ್ಟು ಹೋಗುತ್ತಾರೆ. ಅಲ್ಲಿಗೆ ಮುಟ್ಟಿದ ಮೇಲೆ ಲಾಂಚಿನ ನಂಬರ್ ಕಾಣುವ ಹಾಗೆ ಫೋಟೋ ತೆಗೆದು ಕಳಿಸುತ್ತಾರೆ. ಲಾಂಚು ಬದಲಾದರೆ ಮತ್ತೆ ಕಳಿಸುತ್ತಾರೆ. ಸಂಘದ ಪುಸ್ತಕವನ್ನು ಈಗ ಅದೇ ಹುಡುಗ ನೋಡಿಕೊಳ್ಳುತ್ತಾನೆ.

ತಾಂಡೇಲನಿಗೆ ಅರ್ಬಾಬನಿಂದ ಬರಬೇಕಾದ ಪಗಾರ ಇನ್ನೂ ಬಂದಿಲ್ಲ. ಅದು ಹಿಡಿದಿಟ್ಟುಕೊಂಡ ದೇಶದ ವಿಷಯವಲ್ಲ, ಅರ್ಬಾಬನ ದೇಶದ ಕಾರ್ಮಿಕ ಕಾನೂನಿನ ವಿಷಯ. ಅಲ್ಲಿರುವ ನಮ್ಮ ಕಚೇರಿಗೆ ಬೇರೆ ಅರ್ಜಿ ಹಾಕಿದ್ದೇವೆ. ಒಂದೇ ಪುಟದ್ದು, ಕರಾರು ಪತ್ರದ ಪ್ರತಿ ಜೊತೆಗಿದೆ.